ಹನ್ನೊಂದು ಲೈಕು ಬಂದರೂ ‘ಯಾರೂ ಮಾಡ್ಲಿಲ್ಲ’ ಅಂತ ಯಾಕೆ ಅನ್ನಿಸುತ್ತೆ?

ಅಕ್ಕನ ಮಗಳಿಗೆ ಈಗ 14. ರಜೆಗೆ ಬಂದಿದ್ದಾಗ ಒಂದು ಸಂಜೆ ಇನ್‌ಸ್ಟಾಗ್ರಾಮ್‌ಗೆ ತನ್ನ ಫೋಟೋ ಹಾಕಿದಳು. ಹಾಕುವ ಮುಂಚೆ ಸುಮಾರು ನಲವತ್ತು ಸಲ ತೆಗೆಸಿಕೊಂಡಿದ್ದಳು, ಫೋನ್ ಹಿಡಿದು ನಿಂತಿದ್ದವಳು ನಾನೇ, ಹಾಗಾಗಿ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆಮೇಲೆ ಊಟಕ್ಕೆ ಕೂತಳು. ಫೋನು ತೊಡೆಯ ಮೇಲೆ. ಒಂದು ತುತ್ತು ತಿನ್ನೋದು, ಕೆಳಗೆ ನೋಡೋದು, ಇನ್ನೊಂದು ತುತ್ತು, ಮತ್ತೆ ಕೆಳಗೆ. ಇಪ್ಪತ್ತೈದು ನಿಮಿಷಕ್ಕೆ ಫೋಟೋ ಡಿಲೀಟ್.

“ಯಾಕೆ ತೆಗೆದೆ?” ಅಂದೆ.

“ಯಾರೂ ಲೈಕ್ ಮಾಡ್ಲಿಲ್ಲ ಚಿಕ್ಕಮ್ಮಾ.”

ಎಷ್ಟು ಬಂದಿತ್ತು ಅಂತ ಕೇಳಿದರೆ ಹನ್ನೊಂದು. ಹನ್ನೊಂದು ಜನ ಮನುಷ್ಯರ ಹಾಗೆ ಕಾಣಿಸಲ್ವಾ ನಿಂಗೆ ಅಂತ ರೇಗಿದೆ. ಅವಳು ತಟ್ಟೆ ಬಿಟ್ಟು ಎದ್ದು ಹೋದಳು. ಇದು ನನ್ನದೇ ತಪ್ಪು ಅಂತ ಗೊತ್ತಾಗಿದ್ದು ಆಮೇಲೆ, ಈ ವಿಷಯದ ಬಗ್ಗೆ ಸ್ವಲ್ಪ ಓದಿದ ಮೇಲೆ. ಆ ಓದಿದ್ದನ್ನೇ ಇಲ್ಲಿ ನನಗೆ ಅರ್ಥವಾದ ಹಾಗೆ ಬಿಡಿಸಿ ಹೇಳ್ತೀನಿ.

ಮಕ್ಕಳ ಸೋಷಿಯಲ್ ಮೀಡಿಯಾ ಅಂದ ತಕ್ಷಣ ದೊಡ್ಡವರು ಕೇಳುವ ಮೊದಲ ಪ್ರಶ್ನೆ “ದಿನಕ್ಕೆ ಎಷ್ಟು ಹೊತ್ತು ಬಿಡಬಹುದು?” ಅಂತ. ಗಂಟೆ ಲೆಕ್ಕ ಸುಲಭ, ಗಡಿಯಾರ ನೋಡಿದರೆ ಸಾಕು. ನನಗೆ ಈಗ ಅನ್ನಿಸೋದು ಬೇರೆ. ಮಗು ಫೋನ್ ಕೆಳಗಿಟ್ಟ ಕ್ಷಣ ಅದರ ಮುಖ ನೋಡಿ. ಗಡಿಯಾರ ಆಮೇಲೆ ನೋಡಬಹುದು. ಯಾಕೆ ಹೀಗೆ ಹೇಳ್ತಿದ್ದೀನಿ ಅಂದರೆ ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತೆ.

ಆ ವಯಸ್ಸಿನ ಮೆದುಳು

ಹತ್ತು, ಹನ್ನೆರಡು ವರ್ಷದ ಹೊತ್ತಿಗೆ, ಮೈ ಬದಲಾಗೋಕೆ ಶುರುವಾದಾಗಲೇ, ಮೆದುಳಿನ ಒಳಗೆ ಖುಷಿಯ ಲೆಕ್ಕ ನೋಡಿಕೊಳ್ಳುವ ಭಾಗ ವಿಪರೀತ ಚುರುಕಾಗುತ್ತೆ. ಓರಗೆಯವರ ಮೆಚ್ಚುಗೆ ಅಂದರೆ ಅದಕ್ಕೆ ಪ್ರಾಣ. ಅಪ್ಪ ಅಮ್ಮ ನೂರು ಸಲ “ಚೆನ್ನಾಗಿದೀಯ” ಅಂದರೂ ನಾಟದ್ದು, ಕ್ಲಾಸಿನವರು ಒಬ್ಬರು ಅಂದರೆ ನಾಟುತ್ತೆ. ಅದೇ ಹೊತ್ತಲ್ಲಿ “ತಡಿ, ಒಂದ್ನಿಮಿಷ ಯೋಚನೆ ಮಾಡು” ಅಂತ ತಡೆಯುವ ಹಣೆಯ ಹಿಂದಿನ ಭಾಗ ಮಾತ್ರ ತನ್ನ ಪಾಡಿಗೆ ನಿಧಾನವಾಗಿ ಬೆಳೀತಾ ಇರುತ್ತೆ. ಅದು ಬಲಿಯುವ ಹೊತ್ತಿಗೆ ವಯಸ್ಸು ಇಪ್ಪತ್ತೈದರ ಹತ್ತಿರ ಬಂದಿರುತ್ತೆ.

ಇದನ್ನು ತೋರಿಸುವ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 2005ರಲ್ಲಿ ಮಾರ್ಗೋ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಕಾರು ಓಡಿಸುವ ಒಂದು ವಿಡಿಯೋ ಗೇಮ್ ಆಡಿಸಿದರು. 13ರಿಂದ 16ರವರು, 18ರಿಂದ 22ರವರು, 24 ದಾಟಿದವರು, ಹೀಗೆ ಮೂರು ಗುಂಪು. ಕೆಲವರು ಒಬ್ಬರೇ ಆಡಿದರು, ಕೆಲವರು ಸ್ನೇಹಿತರ ಜೊತೆ. ಸ್ನೇಹಿತರು ಜೊತೆಗಿದ್ದಾಗ ಚಿಕ್ಕವರು ಒಬ್ಬರೇ ಇದ್ದಾಗಿನದಕ್ಕಿಂತ ಎಷ್ಟೋ ಜಾಸ್ತಿ ಅಪಾಯ ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹುಡುಗರಿಗೆ ಬುದ್ಧಿ ಇಲ್ಲ ಅಂತಲ್ಲ, ನೋಡುವವರು ಇದ್ದಾಗ ಅವರ ಬುದ್ಧಿಯ ಲೆಕ್ಕವೇ ಬದಲಾಗುತ್ತೆ.

ಸೋಷಿಯಲ್ ಮೀಡಿಯಾ ಅಂದರೆ ನೋಡುವವರು ಯಾವಾಗಲೂ ಇರುವ ಜಾಗ. ರಾತ್ರಿ ಹನ್ನೊಂದಕ್ಕೂ ಇರ್ತಾರೆ.

ಲೈಕಿನ ವಿಷಯಕ್ಕೇ ಬಂದರೆ, 2016ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ಸಂಶೋಧಕರು 13ರಿಂದ 18 ವರ್ಷದ 32 ಮಕ್ಕಳನ್ನು ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ ಇನ್‌ಸ್ಟಾಗ್ರಾಮ್ ಥರದ ಒಂದು ಪರದೆ ತೋರಿಸಿದರು. ಅದರಲ್ಲಿ ಆ ಮಕ್ಕಳದೇ ಫೋಟೋಗಳೂ ಇದ್ದವು. ಎಷ್ಟು ಲೈಕ್ ಬಂದಿದೆ ಅನ್ನೋ ಸಂಖ್ಯೆಯನ್ನು ಸಂಶೋಧಕರೇ ಸುಮ್ನೆ ಹಾಕಿದ್ದರು, ಮಕ್ಕಳಿಗೆ ಮಾತ್ರ ಅದು ಬೇರೆ ಮಕ್ಕಳು ಕೊಟ್ಟದ್ದು ಅಂತ ಹೇಳಿತ್ತು. ತಮ್ಮ ಫೋಟೋಗೆ ಜಾಸ್ತಿ ಲೈಕ್ ಕಂಡಾಗ ಮೆದುಳಿನ ಆ ಖುಷಿಯ ಭಾಗ ಜೋರಾಗಿ ಕೆಲಸ ಮಾಡಿತು. ನನ್ನನ್ನು ತಟ್ಟಿದ್ದು ಇನ್ನೊಂದು. ಒಂದೇ ಫೋಟೋವನ್ನು ಕೆಲವರಿಗೆ ಜಾಸ್ತಿ ಲೈಕಿನ ಜೊತೆ, ಕೆಲವರಿಗೆ ಕಮ್ಮಿ ಲೈಕಿನ ಜೊತೆ ತೋರಿಸಿದರೆ, ಜಾಸ್ತಿ ಇರೋದನ್ನೇ ಮಕ್ಕಳು ಇಷ್ಟಪಟ್ಟರು. ಸಿಗರೇಟು, ಹೆಂಡದ ಫೋಟೋ ಆದರೂ ಅಷ್ಟೇ. ಅಂಥ ಫೋಟೋ ನೋಡುವಾಗ ತಡೆಯುವ ಭಾಗದ ಸದ್ದು ಇನ್ನೂ ತಗ್ಗಿತ್ತು.

ಈಗ ಹನ್ನೊಂದು ಲೈಕಿಗೆ ವಾಪಸ್ ಬನ್ನಿ. ಅವಳ ಗೆಳತಿಯ ಫೋಟೋಗೆ ಎಂಬತ್ತು ಬಂದಿತ್ತಂತೆ. ಆ ಎಂಬತ್ತರ ಪಕ್ಕ ಹನ್ನೊಂದು ಅಂದರೆ ಎಲ್ಲರೆದುರು ಅಂಟಿಸಿದ ಮಾರ್ಕ್ಸ್ ಕಾರ್ಡ್. ಮನುಷ್ಯ ತನ್ನನ್ನು ತಾನು ಅಳೆಯೋದು ಪಕ್ಕದವರನ್ನು ನೋಡಿಯೇ ಅಂತ ಲಿಯಾನ್ ಫೆಸ್ಟಿಂಗರ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ್ದರು. ಅವರ ಕಾಲದಲ್ಲಿ ಪಕ್ಕದವರು ಅಂದರೆ ಪಕ್ಕದವರೇ, ಮೂವತ್ತು ನಲವತ್ತು ಜನ. ಈಗಿನ ಮಗುವಿನ ಪಕ್ಕ ಇಡೀ ಪ್ರಪಂಚದ ಚೆಂದದವರೆಲ್ಲ ಫಿಲ್ಟರ್ ಹಾಕಿಕೊಂಡು ಕೂತಿದ್ದಾರೆ.

ಆ ಕಡೆ ಕೂತಿರುವ ಯಂತ್ರ

ಫೇಸ್‌ಬುಕ್‌ಗೆ ಲೈಕ್ ಬಟನ್ ಬಂದಿದ್ದು 2009ರಲ್ಲಿ. ಕೆಳಗೆ ತಳ್ಳಿದಷ್ಟೂ ಬರುತ್ತಲೇ ಇರುವ ಮುಗಿಯದ ಸ್ಕ್ರೋಲ್‌ಗೆ ಅದಕ್ಕೂ ಮೂರು ವರ್ಷ ಜಾಸ್ತಿ ವಯಸ್ಸು, 2006ರಲ್ಲಿ ಏಜಾ ರಾಸ್ಕಿನ್ ಅನ್ನುವವರು ಮಾಡಿದ್ದು. ಒಂದೊಂದು ಪುಟಕ್ಕೂ ‘ಮುಂದೆ’ ಒತ್ತುವ ತೊಂದರೆ ತಪ್ಪಲಿ ಅನ್ನೋದು ಉದ್ದೇಶ. ಆದರೆ ಆ ತೊಂದರೆ ಒಂದು ಕೆಲಸ ಮಾಡ್ತಿತ್ತು, ಅಲ್ವಾ? ಪುಟ ಮುಗಿದಾಗ ತಲೆ ಎತ್ತಿ “ಸಾಕು” ಅನ್ನೋಕೆ ಒಂದು ಜಾಗ ಕೊಡ್ತಿತ್ತು. ಆ ಜಾಗವೇ ಹೋಯಿತು. ರಾಸ್ಕಿನ್ ಆಮೇಲೆ ತಾವೇ ಇದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು.

ಇನ್ನೊಂದು ಹಳೆಯ ಗುಟ್ಟಿದೆ. ಬಿ.ಎಫ್. ಸ್ಕಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು. ಕೊಕ್ಕಿನಿಂದ ಗುಂಡಿ ಕುಟ್ಟಿದರೆ ಕಾಳು ಬೀಳುತ್ತೆ. ಪ್ರತಿ ಸಲ ಬೀಳುವ ಹಾಗಿದ್ದು ಆಮೇಲೆ ನಿಂತುಹೋದರೆ, ಪಾರಿವಾಳ ಬೇಗ ಕೈಬಿಡುತ್ತೆ. ಯಾವಾಗ ಬೀಳುತ್ತೋ ಗೊತ್ತಿಲ್ಲ ಅನ್ನೋ ಹಾಗೆ ಮಾಡಿದರೆ? ಕುಟ್ಟುತ್ತಲೇ ಇರುತ್ತೆ. ಫೀಡ್, ಅಂದರೆ ಆ್ಯಪ್ ತೆರೆದಾಗ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ ಸಾಲು, ಅದನ್ನು ಎಳೆದು ಬಿಟ್ಟಾಗ ಹೊಸದೇನಾದರೂ ಬರಬಹುದು, ಬರದೆಯೂ ಇರಬಹುದು. ಊಟದ ಮಧ್ಯೆ ಅವಳು ಕೆಳಗೆ ನೋಡ್ತಾ ಇದ್ದದ್ದು ಅದೇ ಕುಟ್ಟೋದು. ನಾನೂ ಕುಟ್ತೀನಿ, ಹೇಳಿಕೊಳ್ಳಲ್ಲ ಅಷ್ಟೇ.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಫೀಡ್ ಕಲಿಯುವ ರೀತಿ. ಎರಡು ದಿನ ಆದ ಮೇಲೆ ಅವಳ ಕೋಪ ಇಳಿದಿತ್ತು. “ನಿನ್ನ ಫೀಡ್‌ನಲ್ಲಿ ಏನು ಬರುತ್ತೆ ನಂಗೂ ತೋರ್ಸು, ಬೈಯಲ್ಲ” ಅಂದೆ. ಸೋಫಾದಲ್ಲಿ ಪಕ್ಕ ಪಕ್ಕ ಕೂತು ಐವತ್ತು ಪೋಸ್ಟ್ ಎಣಿಸಿದೆವು. ಅವಳಿಗೆ ನಿಜವಾಗಿ ಮುಖ ಪರಿಚಯ ಇರುವವರದ್ದು ಆರು. ಮೊಡವೆ, ಮುಖದ ಕ್ರೀಮು, “ಒಂದು ವಾರದಲ್ಲಿ ಹೊಟ್ಟೆ ಕರಗಿಸಿ” ಥರದ್ದು ಹತ್ತೊಂಬತ್ತು. ಉಳಿದದ್ದು ಬೆಕ್ಕು, ಡಾನ್ಸು, ಯಾರೋ ಯಾರನ್ನೋ ಬೈಯೋದು.

“ನಾನು ಇದ್ಯಾವುದನ್ನೂ ಫಾಲೋ ಮಾಡಿಲ್ಲ” ಅಂದಳು. ನಿಜ. ಅವಳು ಲೈಕ್ ಕೂಡ ಮಾಡಿರಲಿಲ್ಲ. ಆದರೆ ಗಲ್ಲದ ಮೇಲೆ ಒಂದು ಮೊಡವೆ ಎದ್ದಿದ್ದಾಗ ಅಂಥದೇ ಒಂದು ವಿಡಿಯೋ ಪೂರ್ತಿ ನೋಡಿದ್ದಳು, ಇನ್ನೊಂದನ್ನು ಎರಡು ಸಲ. ಫೀಡ್‌ಗೆ ಅಷ್ಟು ಸಾಕು. ಬೆರಳು ಎಲ್ಲಿ ಎಷ್ಟು ಸೆಕೆಂಡು ನಿಂತಿತು ಅನ್ನೋದು ಅದಕ್ಕೆ ಲೆಕ್ಕ. ಇಷ್ಟವಾಗಿ ನಿಂತಿತಾ, ಸಂಕಟವಾಗಿ ನಿಂತಿತಾ ಅನ್ನೋದು ಅದಕ್ಕೆ ಬೇಡ. ಮಗು ಯಾವುದನ್ನು ನೋಡಿ ಕುಗ್ಗುತ್ತೋ ಅದನ್ನೇ ಇನ್ನಷ್ಟು ಬಡಿಸುತ್ತೆ, ಕೆಟ್ಟ ಮನಸ್ಸಿನಿಂದಲ್ಲ, ಅದಕ್ಕೆ ಮನಸ್ಸೇ ಇಲ್ಲ.

ಕಂಪನಿಗಳಿಗೆ ಇದು ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ. 2021ರಲ್ಲಿ ಫ್ರಾನ್ಸೆಸ್ ಹೌಗನ್ ಅನ್ನುವ ಮಾಜಿ ಉದ್ಯೋಗಿ ಹೊರಗೆ ತಂದ ಫೇಸ್‌ಬುಕ್‌ನ (ಇನ್‌ಸ್ಟಾಗ್ರಾಮ್ ಕೂಡ ಅದೇ ಕಂಪನಿಯದು) ಒಳಗಿನ ಕಾಗದಗಳಲ್ಲೇ ಇತ್ತು: ತಮ್ಮ ಮೈ ಬಗ್ಗೆ ಬೇಜಾರಿದ್ದ ಹದಿಹರೆಯದ ಹುಡುಗಿಯರಲ್ಲಿ ಶೇ. 32ರಷ್ಟು ಜನ ಇನ್‌ಸ್ಟಾಗ್ರಾಮ್ ಆ ಬೇಜಾರನ್ನು ಜಾಸ್ತಿ ಮಾಡಿತು ಅಂದಿದ್ದರು.

ಹಾಗಾದರೆ ನಿಜಕ್ಕೂ ಎಷ್ಟು ಕೆಟ್ಟದ್ದು?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ಈ ವಿಷಯದಲ್ಲಿ ಎರಡೂ ಕಡೆಯವರು ಒಂದೊಂದು ಅಂಕಿ ಹಿಡಿದು ಕೂಗಾಡ್ತಾರೆ.

2023ರ ಮೇನಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ವಿವೇಕ್ ಮೂರ್ತಿ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿ ಇರುವ ಮಕ್ಕಳಿಗೆ ಖಿನ್ನತೆ, ಆತಂಕದಂಥ ತೊಂದರೆಗಳ ಸಾಧ್ಯತೆ ಎರಡರಷ್ಟು ಅಂತ ಅದರಲ್ಲಿತ್ತು. ಕೇಳಿದರೆ ಎದೆ ಧಸಕ್ಕನ್ನುತ್ತೆ. ಅದಕ್ಕೂ ನಾಲ್ಕು ವರ್ಷ ಮುಂಚೆ, 2019ರಲ್ಲಿ, ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್ಸ್ಕಿ ಅನ್ನುವ ಸಂಶೋಧಕರು ಮೂರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಜಾಲಾಡಿ ಬೇರೆಯದೇ ಹೇಳಿದ್ದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ. 0.4. ಆಲೂಗಡ್ಡೆ ತಿನ್ನೋದಕ್ಕೂ ನೆಮ್ಮದಿಗೂ ಕಂಡ ನಂಟು ಕೂಡ ಹೆಚ್ಚುಕಡಿಮೆ ಅಷ್ಟೇ ಇತ್ತಂತೆ.

ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತೆ? ಒಂದು, ಮೂರು ಗಂಟೆ ನೋಡಿದ್ದಕ್ಕೆ ಮಗು ಕುಗ್ಗಿತಾ, ಕುಗ್ಗಿದ ಮಗು ಬೇರೆ ಕಡೆ ಹೋಗಲಾರದೆ ಮೂರು ಗಂಟೆ ನೋಡಿತಾ ಅನ್ನೋದನ್ನು ಅಂಥ ಅಂಕಿಯಿಂದ ಬಿಡಿಸಿ ಹೇಳೋಕಾಗಲ್ಲ. ಎರಡು, ಲಕ್ಷಾಂತರ ಮಕ್ಕಳ ಸರಾಸರಿ ತೆಗೆದಾಗ ಒಂದೊಂದು ಮಗುವಿನ ಕಥೆ ಮುಚ್ಚಿಹೋಗುತ್ತೆ.

ಸರಾಸರಿಯ ಒಳಗೆ ಏನಿದೆ ಅಂತ ನೋಡಿದವರೂ ಇದ್ದಾರೆ. ನೆದರ್ಲ್ಯಾಂಡ್ಸ್‌ನ ಇನೆ ಬೇಯೆನ್ಸ್, ಪಟ್ಟಿ ವಾಲ್ಕೆನ್‌ಬರ್ಗ್ ಮತ್ತು ಜೊತೆಯವರು 63 ಮಕ್ಕಳನ್ನು ಒಂದು ವಾರ ದಿನಕ್ಕೆ ಹಲವು ಸಲ ಕೇಳಿದರು: ಈಗ ನೋಡ್ತಿದ್ಯಾ, ಈಗ ಹೇಗನ್ನಿಸ್ತಿದೆ? 2020ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಸುಮ್ನೆ ಸ್ಕ್ರೋಲ್ ಮಾಡಿದ ಮೇಲೆ ಶೇ. 46ರಷ್ಟು ಮಕ್ಕಳಿಗೆ ಹಿತವೇ ಆಯಿತು, ಶೇ. 44ರಷ್ಟು ಮಕ್ಕಳಿಗೆ ಏನೂ ಅನ್ನಿಸಲಿಲ್ಲ, ಶೇ. 10ರಷ್ಟು ಮಕ್ಕಳಿಗೆ ಮಾತ್ರ ಕೆಟ್ಟದೆನ್ನಿಸಿತು. ಚಿಕ್ಕ ಅಧ್ಯಯನ, ಒಪ್ಪುತ್ತೇನೆ. ಆದರೆ ನಾನು ಮುಖ ನೋಡಿ ಅಂದದ್ದು ಇದಕ್ಕೇ. ಒಂದೇ ಮನೆಯ ಅಣ್ಣ ತಂಗಿ ಒಂದೇ ಒಂದು ಗಂಟೆ ನೋಡಿ ಎದ್ದಾಗ, ಒಬ್ಬ ನಗ್ತಾ ಬಂದು ಏನೋ ತೋರಿಸ್ತಾನೆ, ಇನ್ನೊಬ್ಬಳು ಬಾಗಿಲು ಹಾಕಿಕೊಳ್ತಾಳೆ. ಇಬ್ಬರಿಗೂ “ಒಂದು ಗಂಟೆ ಮಾತ್ರ” ಅಂದರೆ ಒಬ್ಬನಿಗೆ ಸುಮ್ನೆ ಶಿಕ್ಷೆ, ಇನ್ನೊಬ್ಬಳಿಗೆ ಅದೂ ಜಾಸ್ತಿಯೇ.

ವಯಸ್ಸೂ ಲೆಕ್ಕಕ್ಕೆ ಬರುತ್ತೆ. ಅದೇ ಆರ್ಬೆನ್ 2022ರಲ್ಲಿ ಬ್ರಿಟನ್ನಿನ ಮಾಹಿತಿ ಹಿಡಿದು ನೋಡಿದಾಗ ಹುಡುಗಿಯರಲ್ಲಿ 11ರಿಂದ 13, ಹುಡುಗರಲ್ಲಿ 14ರಿಂದ 15, ಆಮೇಲೆ ಇಬ್ಬರಲ್ಲೂ 19ರ ಹೊತ್ತಿಗೆ ಇದರ ಪೆಟ್ಟು ಸ್ವಲ್ಪ ಜಾಸ್ತಿ ಕಂಡಿತು.

ಒಳ್ಳೆಯದೂ ಇದೆ, ಅದನ್ನು ಬಿಟ್ಟರೆ ಮೋಸ ಮಾಡಿದ ಹಾಗೆ. ತಬಲಾ ಕಲಿಯುವ ಹುಡುಗನಿಗೆ ಕ್ಲಾಸಿನಲ್ಲಿ ಅಂಥವರು ಯಾರೂ ಇಲ್ಲದಿರಬಹುದು, ಆನ್‌ಲೈನ್‌ನಲ್ಲಿ ನೂರು ಜನ ಸಿಗ್ತಾರೆ. ತೊದಲುವ ಮಗು ಟೈಪ್ ಮಾಡುವಾಗ ತೊದಲಲ್ಲ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 2023ರಲ್ಲಿ ಕೊಟ್ಟ ಸಲಹೆಯಲ್ಲೂ ಸೋಷಿಯಲ್ ಮೀಡಿಯಾ ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ ಅಂತಲೇ ಇದೆ.

ನಿದ್ದೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು

ಮಿಕ್ಕ ಎಲ್ಲದರಲ್ಲೂ ಅದೂ ಇರಬಹುದು, ಇದೂ ಇರಬಹುದು ಅನ್ನೋ ನಾನು ನಿದ್ದೆ ವಿಷಯಕ್ಕೆ ಬಂದರೆ ಜಗ್ಗಲ್ಲ. 13ರಿಂದ 18 ವರ್ಷದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ದೆಯ ತಜ್ಞರು ಹೇಳ್ತಾರೆ. ಆದರೆ ಈ ವಯಸ್ಸಲ್ಲಿ ದೇಹದ ಗಡಿಯಾರವೇ ತಡವಾಗಿ ಓಡುತ್ತೆ. ನಿದ್ದೆ ತರುವ ಮೆಲಟೋನಿನ್ ಸಂಜೆ ತಡವಾಗಿ ಊರುತ್ತೆ. ಹತ್ತು ಗಂಟೆಗೆ “ನಿದ್ದೆ ಬರ್ತಿಲ್ಲ” ಅನ್ನುವ ಮಗು ಸುಳ್ಳು ಹೇಳ್ತಿಲ್ಲ. ಬೆಳಿಗ್ಗೆ ಶಾಲೆ ಮಾತ್ರ ತಡವಾಗಿ ಶುರುವಾಗಲ್ಲ.

ಆ ನಿದ್ದೆ ಬಾರದ ಒಂದು ಗಂಟೆಯಲ್ಲಿ ಕೈಗೆ ಫೋನ್ ಸಿಕ್ಕಿದರೆ ಏನಾಗುತ್ತೆ ಯೋಚನೆ ಮಾಡಿ. ಕತ್ತಲು, ಹೊದಿಕೆ, ದಣಿದ ತಲೆ, ತಡೆಯುವ ಭಾಗ ಮೊದಲೇ ಎಳಸು, ಅದೂ ಅರೆನಿದ್ದೆಯಲ್ಲಿ. ಎದುರಿಗೆ ಮುಗಿಯದ ಸ್ಕ್ರೋಲ್. ಗುಂಪಿನಲ್ಲಿ ಯಾರೋ ಏನೋ ಬರೀತಾರೆ, ಉತ್ತರ ಕೊಡದಿದ್ದರೆ ನಾಳೆ ತನ್ನನ್ನು ಬಿಟ್ಟು ಮಾತಾಡ್ತಾರೆ ಅನ್ನೋ ಭಯ. ಹಗಲಲ್ಲಿ ನಕ್ಕು ಬಿಡಬಹುದಾದ ಒಂದು ಕಾಮೆಂಟ್ ರಾತ್ರಿ ಹನ್ನೆರಡಕ್ಕೆ ಬೆಟ್ಟದಷ್ಟು ಕಾಣುತ್ತೆ, ದೊಡ್ಡವರಿಗೇ ಕಾಣುತ್ತೆ. ಪರದೆಯ ನೀಲಿ ಬೆಳಕಿನ ಬಗ್ಗೆ ಎಲ್ಲರೂ ಮಾತಾಡ್ತಾರೆ, ನನ್ನ ಲೆಕ್ಕದಲ್ಲಿ ನಿದ್ದೆ ಕೆಡಿಸೋದು ಬೆಳಕಿಗಿಂತ ಜಾಸ್ತಿ ಆ ಮಾತುಕತೆ.

ಹಾಗಾಗಿ ಒಂದೇ ಒಂದು ನಿಯಮ ಮಾಡೋದಾದರೆ ಇದನ್ನು ಮಾಡಿ: ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ. ಹಾಲ್‌ನಲ್ಲೋ ಅಡುಗೆಮನೆಯಲ್ಲೋ ಒಂದೇ ಕಡೆ ಎಲ್ಲರ ಚಾರ್ಜರ್. ಎಲ್ಲರದ್ದೂ ಅಂದರೆ ಅಪ್ಪ ಅಮ್ಮನದೂ. ಅಲಾರಂ ಬೇಕು ಅನ್ನೋ ನೆಪಕ್ಕೆ ಒಂದು ಟೈಂಪೀಸ್ ತಂದಿಡಿ. ನಮ್ಮನೆಯಲ್ಲಿ ಮೊದಲ ವಾರ ಇದನ್ನು ಮುರಿದದ್ದು ನಾನು, ರಾತ್ರಿ ಹನ್ನೊಂದೂವರೆಗೆ ಹಾಲ್‌ನಲ್ಲಿ ಕತ್ತಲಲ್ಲಿ ನಿಂತು ಮೆಸೇಜ್ ನೋಡ್ತಾ ಇದ್ದಾಗ ಅವಳ ಕೈಗೇ ಸಿಕ್ಕಿಬಿದ್ದೆ. ಅವಳು ಏನೂ ಅನ್ನಲಿಲ್ಲ, ಲೈಟ್ ಹಾಕಿ ನೀರು ಕುಡಿದು ಹೋದಳು.

ಕೈಯಲ್ಲಿ ಏನಿದೆ ಮಾಡೋಕೆ

ಫೀಡ್ ತಿದ್ದೋದು ಮೊದಲು. ಸ್ಕ್ರೋಲ್ ನಿಲ್ಲಿಸೋದಕ್ಕಿಂತ ಇದು ಸುಲಭ, ಮಕ್ಕಳಿಗೆ ಇಷ್ಟವೂ ಆಗುತ್ತೆ. ಬೇಡದ್ದು ಬಂದಾಗ ‘ಆಸಕ್ತಿ ಇಲ್ಲ’ ಒತ್ತೋದು, ಕುಗ್ಗಿಸುವ ಖಾತೆಗಳನ್ನು ಅನ್‌ಫಾಲೋ ಮಾಡೋದು, ಗೆಳತಿ ಅಂತ ಬಿಡೋಕಾಗದಿದ್ದರೆ ಮ್ಯೂಟ್ ಮಾಡೋದು. ಮ್ಯೂಟ್ ಮಾಡಿದ್ದು ಅವರಿಗೆ ಗೊತ್ತಾಗಲ್ಲ. ಇನ್‌ಸ್ಟಾಗ್ರಾಮ್‌ನಲ್ಲಿ ಸಲಹೆಗಳನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವ ರೀಸೆಟ್ ಇದೆ. ಯೂಟ್ಯೂಬ್‌ನಲ್ಲಿ ನೋಡಿದ್ದರ ಹಿಸ್ಟರಿ ಅಳಿಸಿ ಆಫ್ ಮಾಡಿಟ್ಟರೆ ಮುಖಪುಟದಲ್ಲಿ ಸಲಹೆ ವಿಡಿಯೋಗಳೇ ಬರಲ್ಲ, ಬೇಕಾದ್ದನ್ನು ಹುಡುಕಿ ನೋಡಬೇಕು. ಹುಡುಕಿ ನೋಡೋದಕ್ಕೂ ಬಡಿಸಿದ್ದನ್ನು ತಿನ್ನೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಾವು ಅವಳ ಫೀಡ್ ತಿದ್ದೋಕೆ ಅರ್ಧ ಗಂಟೆ ಹಿಡೀತು. ಮೂರು ದಿನದಲ್ಲಿ ಮೊಡವೆ ಹೋಗಿ ಮಣ್ಣಿನ ಗೊಂಬೆ ಮಾಡುವ ವಿಡಿಯೋಗಳು ಬರೋಕೆ ಶುರುವಾದವು. ಪೂರ್ತಿ ಹೋಗಿಲ್ಲ, ಆಗಾಗ ತಲೆ ಹಾಕುತ್ತೆ.

ನೋಟಿಫಿಕೇಶನ್‌ಗಳಲ್ಲಿ ಮನುಷ್ಯರು ನೇರವಾಗಿ ಕಳಿಸಿದ್ದನ್ನು ಮಾತ್ರ ಇಟ್ಟುಕೊಂಡು ಬಾಕಿ ಎಲ್ಲ ಆಫ್. “ನಿಮ್ಮ ಗೆಳೆಯ ಏನೋ ಹಾಕಿದ್ದಾನೆ” ಅಂತ ಕೂಗಿ ಕರೆಯೋದು ಗೆಳೆಯ ಅಲ್ಲ, ಆ್ಯಪ್. ಲೈಕ್ ಸಂಖ್ಯೆ ಮರೆಮಾಡುವ ಆಯ್ಕೆ ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ ಇದೆ. ಒತ್ತಾಯ ಮಾಡಬೇಡಿ, ಇದೆ ಅಂತ ಹೇಳಿ.

ಯಾವ ವಯಸ್ಸಿಗೆ ಕೊಡಬೇಕು? 13 ಅನ್ನೋ ಗೆರೆ ಎಲ್ಲಿಂದ ಬಂತು ಗೊತ್ತಾ? 1998ರಲ್ಲಿ ಅಮೆರಿಕ ಮಾಡಿದ ಒಂದು ಕಾನೂನಿನಿಂದ. ಹದಿಮೂರು ತುಂಬದ ಮಕ್ಕಳ ಮಾಹಿತಿಯನ್ನು ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಸಂಗ್ರಹಿಸಬಾರದು ಅಂತ ಅದು. ಕಂಪನಿಗಳು ಆ ತಲೆನೋವೇ ಬೇಡ ಅಂತ 13ಕ್ಕೆ ಬಾಗಿಲು ಇಟ್ಟವು. ಆ ವಯಸ್ಸಿಗೆ ಮನಸ್ಸು ತಯಾರಾಗಿರುತ್ತೆ ಅಂತ ಯಾರೂ ಅಳೆದು ನೋಡಿ ಇಟ್ಟ ಗೆರೆ ಅಲ್ಲ. ಆಸ್ಟ್ರೇಲಿಯಾ 16 ಅಂತ ಕಾನೂನು ಮಾಡಿ 2025ರ ಡಿಸೆಂಬರ್ 10ರಿಂದ ಜಾರಿಗೆ ತಂದಿದೆ. ದಂಡ ಬೀಳೋದು ಕಂಪನಿಗೆ, ಮಗುವಿಗಲ್ಲ. ಅದು ನನಗೆ ಸರಿ ಅನ್ನಿಸುತ್ತೆ. ಆದರೆ 16ನೇ ಹುಟ್ಟುಹಬ್ಬದ ದಿನ ಏನೂ ಕಲಿಯದ ಮಗುವನ್ನು ಒಮ್ಮೆಗೇ ಒಳಗೆ ಬಿಟ್ಟರೆ, ಈಜು ಬಾರದವರನ್ನು ಆಳಕ್ಕೆ ತಳ್ಳಿದ ಹಾಗೇ.

ಮೊದಲು ಸ್ವಲ್ಪ ಸ್ವಲ್ಪವೇ, ಪಕ್ಕದಲ್ಲಿ ಕೂತು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ 10ರಿಂದ 14ರ ಮಕ್ಕಳಿಗೆ ದೊಡ್ಡವರ ಕಣ್ಣು ಇರಲಿ ಅನ್ನುತ್ತೆ, ಆಮೇಲೆ ಮಗು ಕಲಿತ ಹಾಗೆ ಹಗ್ಗ ಸಡಿಲ ಬಿಡಿ ಅನ್ನುತ್ತೆ. ಕಣ್ಣು ಇಡೋದು ಬೇರೆ, ಕದ್ದು ನೋಡೋದು ಬೇರೆ. ಮಲಗಿದಾಗ ಮಗಳ ಚಾಟ್ ತೆಗೆದು ಓದುವ ತಾಯಂದಿರು ನನಗೆ ಗೊತ್ತು, ಅವರ ಭಯವೂ ಅರ್ಥವಾಗುತ್ತೆ. ಒಂದು ಸಲ ಸಿಕ್ಕಿಬಿದ್ದರೆ ಮಗು ಫೋನ್ ಬಿಡಲ್ಲ, ನಿಮಗೆ ಗೊತ್ತಿಲ್ಲದ ಇನ್ನೊಂದು ಖಾತೆ ಮಾಡಿಕೊಳ್ಳುತ್ತೆ. “ನಾನು ಆಗಾಗ ನೋಡ್ತೀನಿ, ನಿನ್ನೆದುರೇ ನೋಡ್ತೀನಿ” ಅಂತ ಮುಂಚೆಯೇ ಹೇಳಿಬಿಡೋದು ವಾಸಿ.

“ಹೇಳಿದರೆ ಫೋನ್ ಕಿತ್ಕೋತಾರೆ”

ಈ ಭಯ ಎಷ್ಟು ಅಪಾಯ ಅಂತ ಒಂದು ಉದಾಹರಣೆ ಹೇಳ್ತೀನಿ. ಯಾರೋ ಓರಗೆಯವರ ಹಾಗೆ ನಟಿಸಿ ಸ್ನೇಹ ಮಾಡ್ತಾರೆ. ಒಂದೆರಡು ದಿನ, ಕೆಲವೊಮ್ಮೆ ಒಂದೆರಡು ಗಂಟೆ. ಖಾಸಗಿ ಫೋಟೋ ಕೇಳ್ತಾರೆ. ಸಿಕ್ಕಿದ ತಕ್ಷಣ ಧ್ವನಿ ಬದಲಾಗುತ್ತೆ: ದುಡ್ಡು ಕೊಡು, ಇಲ್ಲಾಂದ್ರೆ ನಿನ್ನ ಫಾಲೋವರ್ಸ್‌ಗೆಲ್ಲ ಕಳಿಸ್ತೀನಿ. ಹುಡುಗರೂ ಈ ಬಲೆಗೆ ತುಂಬಾ ಬೀಳ್ತಾರೆ. ಆ ಹೊತ್ತಲ್ಲಿ ಮಗು ಓಡಿ ಬರಬೇಕಾದದ್ದು ನಿಮ್ಮ ಹತ್ತಿರ. ಹೇಳಿದರೆ ಬೈತಾರೆ, ಫೋನ್ ಕಿತ್ಕೋತಾರೆ ಅನ್ನೋದು ತಲೆಯಲ್ಲಿದ್ದರೆ ಬರಲ್ಲ, ಒಬ್ಬರೇ ಒದ್ದಾಡ್ತಾರೆ.

ಅದಕ್ಕೇ ಏನೂ ಆಗದ ದಿನವೇ ಹೇಳಿಡಿ: “ನೀನೇ ಫೋಟೋ ಕಳಿಸಿದ್ದರೂ ಪರವಾಗಿಲ್ಲ, ಮೊದಲು ನಂಗೆ ಹೇಳು. ಫೋನ್ ಕಿತ್ಕೊಳ್ಳಲ್ಲ.” ಆಮೇಲೆ ಮಾತಿಗೆ ತಪ್ಪಬೇಡಿ. ಇಂಥದ್ದು ಆದರೆ ದುಡ್ಡು ಕೊಡಬಾರದು, ಕೊಟ್ಟರೆ ಇನ್ನಷ್ಟು ಕೇಳ್ತಾರೆ. ಚಾಟ್ ಅಳಿಸಬಾರದು, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದು, ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ತಿಳಿಸಬೇಕು. ‘ಟೇಕ್ ಇಟ್ ಡೌನ್’ ಅನ್ನುವ ಒಂದು ಉಚಿತ ಸೇವೆಯೂ ಇದೆ. ಕಾಣೆಯಾದ ಮತ್ತು ಶೋಷಣೆಗೆ ಸಿಕ್ಕಿದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆಯೊಂದು ನಡೆಸುವಂಥದ್ದು. 18 ತುಂಬುವ ಮುಂಚೆ ತೆಗೆದ ಖಾಸಗಿ ಫೋಟೋ ಇದ್ದರೆ, ಅದು ನಿಮ್ಮ ಫೋನಿನಿಂದ ಹೊರಗೆ ಹೋಗದ ಹಾಗೆ, ಅದರ ಬೆರಳಚ್ಚಿನಂಥ ಒಂದು ಕೋಡ್ ಮಾತ್ರ ಮಾಡಿ, ಇದರಲ್ಲಿ ಸೇರಿಕೊಂಡಿರುವ ಕಂಪನಿಗಳಿಗೆ ಕೊಡುತ್ತೆ. ಅದನ್ನು ಹಿಡಿದು ಅವರು ಆ ಫೋಟೋ ಹುಡುಕಿ ತೆಗೀತಾರೆ.

ಯಾವಾಗ ಗಾಬರಿ ಆಗಬೇಕು

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2024ರಲ್ಲಿ ಒಂದು ವರದಿ ಕೊಟ್ಟಿತು. 44 ದೇಶ ಮತ್ತು ಪ್ರದೇಶಗಳ 11, 13, 15 ವರ್ಷದ ಸುಮಾರು 2,80,000 ಮಕ್ಕಳನ್ನು ಕೇಳಿದ ಸಮೀಕ್ಷೆ. ಬಳಕೆ ಕೈಮೀರಿ ಹೋಗಿದೆ ಅನ್ನಬಹುದಾದವರು 2018ರಲ್ಲಿ ಶೇ. 7 ಇದ್ದದ್ದು 2022ಕ್ಕೆ ಶೇ. 11 ಆಗಿತ್ತು. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳು ಹೆಚ್ಚುಕಡಿಮೆ ಸಂಭಾಳಿಸ್ತಿದ್ದಾರೆ, ಅದನ್ನೂ ನೆನಪಿಡಿ.

ಕೈಮೀರಿದೆ ಅಂದರೆ ಏನು? ಕಮ್ಮಿ ಮಾಡಬೇಕು ಅಂತ ಮಗುವೇ ಅಂದುಕೊಂಡರೂ ಆಗ್ತಿಲ್ಲ. ಫೋನ್ ಇಲ್ಲದಾಗ ಸಿಡಿಮಿಡಿ. ಎಷ್ಟು ನೋಡಿದೆ ಅನ್ನೋದರ ಬಗ್ಗೆ ಸುಳ್ಳು. ಮುಂಚೆ ಪ್ರಾಣ ಅಂತಿದ್ದ ಆಟ, ಚಿತ್ರ, ಗೆಳೆಯರು ಒಂದೊಂದೇ ಬಿಟ್ಟುಹೋಗೋದು. ಬೇಜಾರು ಮರೆಯೋಕೆ ಇದೊಂದೇ ದಾರಿ ಆಗೋದು. ಒಂದು ದಿನ ಹೀಗಾದರೆ ಅದು ಆ ವಯಸ್ಸು, ವಾರಗಟ್ಟಲೆ ಆದರೆ ಮಕ್ಕಳ ಡಾಕ್ಟರನ್ನೋ ಕೌನ್ಸೆಲರನ್ನೋ ಕಾಣಬೇಕು. ಸಾಯೋ ಮಾತು, ಮೈಗೆ ಗಾಯ ಮಾಡಿಕೊಳ್ಳೋದು ಕಂಡರೆ ಒಂದು ದಿನವೂ ಕಾಯಬೇಡಿ.

ಗಾಯದ, ಸಾವಿನ ಸುದ್ದಿ ಇಲ್ಲ, ಸುಮ್ನೆ ದಿನೇ ದಿನೇ ಮಂಕಾಗ್ತಿದ್ದಾಳೆ ಅಂತ ಹೋಗ್ತಿದ್ದರೆ, ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಸಾಧ್ಯವಾದರೆ ಮಗುವನ್ನೂ ಕೂರಿಸಿಕೊಂಡು. “ಯಾವಾಗಲೂ ಫೋನ್ ಡಾಕ್ಟ್ರೇ” ಅಂದರೆ ಅವರಿಗೆ ಹಿಡಿದುಕೊಳ್ಳೋಕೆ ಏನೂ ಸಿಗಲ್ಲ. ರಾತ್ರಿ ಎಷ್ಟಕ್ಕೆ ಮಲಗಿದ್ದು, ಬೆಳಿಗ್ಗೆ ಎಷ್ಟಕ್ಕೆ ಎದ್ದದ್ದು, ಆ ದಿನ ಫೀಡ್‌ನಲ್ಲಿ ಜಾಸ್ತಿ ಬಂದದ್ದು ಏನು, ಏನನ್ನು ಬಿಟ್ಟು ಫೋನ್ ಹಿಡಿದದ್ದು, ಕೆಳಗಿಟ್ಟಾಗ ಮುಖ ಹೇಗಿತ್ತು. ಮಗಳ ಬಗ್ಗೆ ಅಕ್ಕ ಬರೆದಿದ್ದ ಪುಟದಲ್ಲಿ ಹದಿನಾಲ್ಕು ದಿನದಲ್ಲಿ ಒಂಬತ್ತು ಸಲ “ಸುಮ್ನಿದ್ಲು” ಅಂತ ಇತ್ತು, ಆ ಒಂಬತ್ತರಲ್ಲಿ ಏಳು ರಾತ್ರಿ ಹನ್ನೊಂದರ ನಂತರದ್ದು. ಕೌನ್ಸೆಲರ್ ಮೊದಲು ಕೇಳಿದ್ದೇ ಆ ಏಳರ ಬಗ್ಗೆ.